ನಾಸಿಕ್‌ಗೆ ಯಾಕೆ ಬಾಯಿ ಜಾಸ್ತಿ?

ಶಿರಡಿ ಟೂರ್ ಬಸ್ಸು ಹತ್ತಿದ ಕನ್ನಡಿಗರಿಗೆ ಈ ಎರಡೂ ಊರು ಗೊತ್ತು. ಬಾಬಾ ದರ್ಶನ, ಶನಿಶಿಂಗಣಾಪುರ ಮುಗಿಸಿಕೊಂಡರೆ ಒಂದು ಕಡೆ ನಾಸಿಕ್, ಪಂಚವಟಿ, ತ್ರ್ಯಂಬಕೇಶ್ವರ. ಇನ್ನೊಂದು ಕಡೆ ಘೃಷ್ಣೇಶ್ವರ, ಎಲ್ಲೋರಾ, ಛತ್ರಪತಿ ಸಂಭಾಜಿನಗರ. ನಮಗೂ ಈ ಸೀಮೆಗೂ ನಂಟು ಹಳೆಯದು. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೇಳುವ ಗೋದಾವರಿ ಹುಟ್ಟುವುದೇ ತ್ರ್ಯಂಬಕದ ಬೆಟ್ಟದಲ್ಲಿ. ಎಲ್ಲೋರಾದ ಕೈಲಾಸವನ್ನು ಕೊರೆಸಿದವನು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ.

ಬಸ್ಸಿಳಿದು ಕಂಪ್ಯೂಟರ್ ಮುಂದೆ ಕೂತು ಇದೇ ಎರಡು ಜಿಲ್ಲೆಗಳ ನೂರೈವತ್ತು ವರ್ಷ ಹಿಂದಿನ ಬದುಕನ್ನು ಹುಡುಕಿ ನೋಡಿ. ನಾಸಿಕ್ ಮಾತು ನಿಲ್ಲಿಸುವುದೇ ಇಲ್ಲ. ಯಾವ ತಾಲ್ಲೂಕಿನಲ್ಲಿ ಯಾವ ಬೆಳೆ, ಯಾವ ಊರಲ್ಲಿ ಸಂತೆ, ಯಾವ ಜಾತಿಯ ಮದುವೆಯಲ್ಲಿ ಏನು ಖರ್ಚು, ಎಲ್ಲಿ ಶಾಲೆ, ಎಲ್ಲಿ ಆಸ್ಪತ್ರೆ, ಎಲ್ಲ ಪುಟ ಸಮೇತ ಸಿಗುತ್ತದೆ. ಪಕ್ಕದ ಸಂಭಾಜಿನಗರ, ಅಂದರೆ ಆಗಿನ ಔರಂಗಾಬಾದ್, ಕೇಳಿದ್ದಕ್ಕೆ ಅರ್ಧ ಮಾತಿನ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅದೇ ಕಪ್ಪು ಮಣ್ಣು, ಹೆಚ್ಚುಕಡಿಮೆ ಅದೇ ಜೋಳ, ಅದೇ ಹತ್ತಿ, ಅದೇ ಮರಾಠಿ. ಹಾಗಿದ್ದೂ ಒಂದು ಜಿಲ್ಲೆ ವಾಚಾಳಿ, ಇನ್ನೊಂದು ಮಿತಭಾಷಿ. ಇದು ಆ ಜನರ ಗುಣವಲ್ಲ, ಕಾಗದದ ಗುಣ.

ನಾಸಿಕ್ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರ್ ಮಾಲೆಯ ನಾಸಿಕ್ ಸಂಪುಟ 1883ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಇಂಗ್ಲಿಷ್ ಅಚ್ಚನ್ನು ಸ್ಕ್ಯಾನ್ ಮಾಡಿದರೆ ಯಂತ್ರ ಅದನ್ನು ಓದಿ ಪದ ಪದವನ್ನೂ ಹುಡುಕಲು ಬರುವಂತೆ ಮಾಡಿಕೊಡುತ್ತದೆ. ಔರಂಗಾಬಾದ್ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯದೂ 1884ರಲ್ಲಿ ಒಂದು ಇಂಗ್ಲಿಷ್ ಗೆಜೆಟಿಯರ್ ಬಂತು, ಇಲ್ಲವೆನ್ನುವಂತಿಲ್ಲ. ಆದರೆ ಅದರ ಕೆಳಗಿನ ದಿನನಿತ್ಯದ ಕಡತ, ಕಂದಾಯದ ಲೆಕ್ಕ, ತಕರಾರು ಅರ್ಜಿಗಳೆಲ್ಲ ಮೊದಲು ಪಾರಸಿಯಲ್ಲಿ, 1880ರ ದಶಕದಿಂದ ಈಚೆಗೆ ಉರ್ದುವಿನಲ್ಲಿ. ಅವುಗಳ ದೊಡ್ಡ ಪಾಲು ಉಳಿದದ್ದು ರಾಜಧಾನಿ ಹೈದರಾಬಾದಿನಲ್ಲಿ. ಓಡುಗೈಯಲ್ಲಿ ಬರೆದ ನಸ್ತಾಲೀಖ್ ಅಕ್ಷರವನ್ನು ಓದುವುದರಲ್ಲಿ ಯಂತ್ರ ಇನ್ನೂ ತಡವರಿಸುತ್ತದೆ. ಅದನ್ನು ಓದಬಲ್ಲ ಮನುಷ್ಯರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ, ವಿಜಯಪುರ, ಕಾರವಾರಗಳಿಗೂ ಕ್ಯಾಂಬೆಲ್ ಮಾಲೆಯ ಸಂಪುಟಗಳಿವೆ. ಬೀದರ್, ಕಲಬುರಗಿ, ರಾಯಚೂರು ಔರಂಗಾಬಾದಿನ ಜೊತೆಗೇ ನಿಜಾಮನ ಕೆಳಗಿದ್ದವು. 1956ರಲ್ಲಿ ಸಂಸ್ಥಾನ ಮೂರು ರಾಜ್ಯಗಳ ಪಾಲಾಯಿತು, ಜಿಲ್ಲೆಗಳು ಹಂಚಿಹೋದವು, ಕಡತಗಳು ಬಹುಮಟ್ಟಿಗೆ ಇದ್ದಲ್ಲೇ ಉಳಿದವು. ಧಾರವಾಡದ ಸಾಮಾಜಿಕ ಇತಿಹಾಸದ ಮೇಲೆ ಸಾಲುಸಾಲು ಪ್ರಬಂಧಗಳು ಬರುವುದಕ್ಕೂ ಕಲಬುರಗಿಯ ಮೇಲೆ ಬರೆಯುವವರು ಪರದಾಡುವುದಕ್ಕೂ ಇದು ದೊಡ್ಡ ಕಾರಣ. ಇದರ ಮೇಲೆ ಬೇಕೆಂದೇ ಮುಚ್ಚಿಟ್ಟದ್ದೂ ಉಂಟು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮರಾಠವಾಡಾ (ಔರಂಗಾಬಾದ್ ಇರುವ ಸೀಮೆ), ಬೀದರ್, ಕಲಬುರಗಿ ಕಡೆ ನಡೆದ ಹತ್ಯೆಗಳ ಬಗ್ಗೆ ಪಂಡಿತ ಸುಂದರಲಾಲ್ ಸಮಿತಿ ಕೊಟ್ಟ ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. ಸಂಶೋಧಕರ ಕೈಗೆ ಸರಾಗವಾಗಿ ಸಿಗಲು ದಶಕಗಳೇ ಬೇಕಾದವು.

ಇಷ್ಟು ದಿನ ಈ ಏರುಪೇರು ಓದುವವರ ಗಮನಕ್ಕಾದರೂ ಬರುತ್ತಿತ್ತು. ಪತ್ರಾಗಾರಕ್ಕೆ ಖುದ್ದಾಗಿ ಹೋದರೆ ಖಾಲಿ ಕಪಾಟು ಕಣ್ಣಿಗೆ ಬೀಳುತ್ತದೆ, ಅಲ್ಲಿಯ ಗುಮಾಸ್ತರು "ಆ ಕಟ್ಟು ಹೈದರಾಬಾದಿನಲ್ಲಿದೆ ಸಾರ್" ಎಂದು ಹೇಳುತ್ತಾರೆ. ತೆರೆಯ ಮೇಲೆ ಕಪಾಟೇ ಇಲ್ಲ. ಹುಡುಕಿದ ಪದಕ್ಕೆ ನಾಸಿಕ್‌ನಿಂದ ನೂರು ಉತ್ತರ, ಔರಂಗಾಬಾದಿನಿಂದ ಮೂರು ಉತ್ತರ ಬಂದರೆ ಅದು ನೂರು ಮತ್ತು ಮೂರಾಗಿಯೇ ಕಾಣುತ್ತದೆ. ಅದನ್ನು ಕೋಷ್ಟಕಕ್ಕೆ ಹಾಕಿ ನಕ್ಷೆ ಬರೆದರೆ ನಾಸಿಕ್ ಕೆಂಪಗೆ ಹೊಳೆಯುತ್ತದೆ, ಮರಾಠವಾಡಾ ಬೆಳ್ಳಗಿರುತ್ತದೆ. ಮಾನವಿಕ ಸಂಶೋಧನೆಯಲ್ಲಿ ಈಗ 'ಡೇಟಾ' ಎಂಬ ಮಾತಿಗೆ ಭಾರೀ ಮರ್ಯಾದೆ. ಸಾವಿರ ಪುಸ್ತಕ ಓದುವ ಬದಲು ಸಾವಿರ ಪುಸ್ತಕವನ್ನು ಎಣಿಸುವ ಕಾಲ ಇದು. ಎಣಿಸುವುದಕ್ಕೆ ನನ್ನ ತಕರಾರಿಲ್ಲ. ಈ ರಾಶಿ ಇಲ್ಲಿಗೆ ಯಾರ ಕೈಯಿಂದ ಬಂತು ಎಂದು ವಿಚಾರಿಸದೆ ಎಣಿಸಲು ಕೂರುವುದಕ್ಕೆ ತಕರಾರು.

ಹಾಗೆಂದು ನಾಸಿಕ್‌ನ ಬಾಯಿ ಪೂರಾ ನಾಸಿಕ್‌ನದೂ ಅಲ್ಲ. ಪೇಶ್ವೆಗಳ ಕಾಲದಿಂದ ಅಲ್ಲಿನ ಕಾಗದಪತ್ರಗಳೆಲ್ಲ ಮೋಡಿ ಲಿಪಿಯಲ್ಲಿ. ಬೆಳಗಾವಿ, ಧಾರವಾಡದ ಹಳೆ ಮನೆಗಳ ಟ್ರಂಕುಗಳಲ್ಲಿ ಕನ್ನಡ ಕಾಗದದ ಮಗ್ಗುಲಲ್ಲೇ ಮೋಡಿ ಕಾಗದವೂ ಮಡಚಿಕೊಂಡಿರುತ್ತದೆ. ಮೋಡಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದೇ 2014ರಲ್ಲಿ. ಅಲ್ಲಿಯವರೆಗೆ ಆ ಅಕ್ಷರವನ್ನು ಕಂಪ್ಯೂಟರಿನಲ್ಲಿ ಅಕ್ಷರವೆಂದೇ ಕೂಡಿಡುವ ಹಾಗಿರಲಿಲ್ಲ, ಬರೀ ಚಿತ್ರವಾಗಿ ಇಡಬಹುದಿತ್ತು. ಆದ್ದರಿಂದ ತೆರೆಯ ಮೇಲೆ ಮಾತಾಡುವ ನಾಸಿಕ್, ಕಲೆಕ್ಟರ್ ಕಚೇರಿಯ ಇಂಗ್ಲಿಷ್ ಮಾತಾಡುವ ನಾಸಿಕ್. ಜಾತಿಗಳ ಬಗ್ಗೆ ಆ ಗೆಜೆಟಿಯರು ಬಳಸಿದ ಗುಣವಾಚಕಗಳನ್ನು ಇವತ್ತಿಗೂ ಜನ ಕಣ್ಣುಮುಚ್ಚಿ ಎತ್ತಿಕೊಳ್ಳುತ್ತಾರೆ. ಒಬ್ಬ ಅಧಿಕಾರಿಯ ಮನಸ್ಸಿಗೆ ತೋಚಿದ್ದು ಜಾಲತಾಣದಿಂದ ಜಾಲತಾಣಕ್ಕೆ ನಕಲಾಗಿ, ಅಲ್ಲಿಂದ ಕೃತಕ ಬುದ್ಧಿಮತ್ತೆಯ ಯಂತ್ರಗಳ ಪಾಠವಾಗಿ, ಹತ್ತು ಕಡೆ ಹೇಳಿದ್ದಾರೆ ಎಂಬ ಬಲದಿಂದ ಸತ್ಯವಾಗಿ ಕೂತುಬಿಡುತ್ತದೆ. ಹತ್ತೂ ಕಡೆ ಹೇಳಿದವನು ಒಬ್ಬನೇ.

ಹೆಸರಿನ ತೊಡಕು ಬೇರೆ. ಮಲಿಕ್ ಅಂಬರ್ 1610ರಲ್ಲಿ ಕಟ್ಟಿದಾಗ ಈ ಊರು ಖಡ್ಕಿ. ಅವನ ಮಗನ ಕಾಲಕ್ಕೆ ಫತೇನಗರ, ಆಮೇಲೆ 1653ರಲ್ಲಿ ಔರಂಗಾಬಾದ್, 2023ರಲ್ಲಿ ಛತ್ರಪತಿ ಸಂಭಾಜಿನಗರ. ಈಗಿನ ಹೆಸರು ಹಾಕಿ ಹುಡುಕುವ ವಿದ್ಯಾರ್ಥಿಗೆ 2023ರ ಹಿಂದಿನ ಊರೇ ಕಾಣುವುದಿಲ್ಲ. ಔರಂಗಾಬಾದ್ ಎಂದು ಹುಡುಕಿದರೆ ಬಿಹಾರದ ಔರಂಗಾಬಾದೂ ಬಂದು ನಡುವೆ ಕೂರುತ್ತದೆ. ನಾಸಿಕ್ ಮೊಘಲರ ಕಾಲದಲ್ಲಿ ಗುಲ್ಶನಾಬಾದ್. ಎಲ್ಲೋರಾ ಅಲ್ಲಿನವರ ಬಾಯಲ್ಲಿ ವೇರೂಳ, ರಾಷ್ಟ್ರಕೂಟರ ಕಾಲದ ತಾಮ್ರಪಟದಲ್ಲಿ ಏಲಾಪುರ. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕೇ ಇದೆ. ಮರಾಠಿ ಸಂಗ್ರಹಗಳಲ್ಲಿ ನಮ್ಮ ಭಾಷೆಯನ್ನು ಹುಡುಕ ಹೊರಟವರು ಅಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಹೋಗಿ ನಿಲ್ಲುವುದು ಖಂಡಿತ. ಹಳೆ ಹೆಸರು ಅಳಿಸಿ ಹೊಸದು ಬರೆದರೂ ಕಷ್ಟ, ಹಳೆಯದನ್ನೇ ಬಿಟ್ಟರೂ ಕಷ್ಟ. ಯಾವ ಹೆಸರು ಯಾವ ಇಸವಿಯಿಂದ ಎಂದು ಎಲ್ಲವನ್ನೂ ಸೇರಿಸಿಡಬೇಕು. 2014ರ ರಾಜ್ಯೋತ್ಸವದಂದು ಗುಲ್ಬರ್ಗ ಕಲಬುರಗಿಯಾದಾಗ, ಬಿಜಾಪುರ ವಿಜಯಪುರವಾದಾಗ ನಮ್ಮ ಗ್ರಂಥಾಲಯದ ಪಟ್ಟಿಗಳು ಹೀಗೆ ಮಾಡಿದವೇ ಎಂದು ಕೇಳಿಕೊಳ್ಳಬಹುದು.

ಇನ್ನು ತಪ್ಪು ಚೀಟಿ ಅಂಟಿಸಿದ ಸಂಗತಿ. ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು ತ್ರ್ಯಂಬಕೇಶ್ವರದಲ್ಲಿ, 1870ರಲ್ಲಿ. ತೀರಿಕೊಂಡದ್ದು ನಾಸಿಕ್‌ನಲ್ಲಿ, 1944ರಲ್ಲಿ. ಭಾರತದ ಮೊದಲ ಕಥಾಚಿತ್ರವೆನಿಸಿದ ಅವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಮುಂಬಯಿಯ ಕಾರೊನೇಶನ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಯೂಟ್ಯೂಬಿನಲ್ಲಿ ಆ ಹೆಸರು ಕೊಟ್ಟರೆ ಕೆಲವು ನಿಮಿಷಗಳ ಚಿತ್ರ ಬರುತ್ತದೆ, ಕೆಳಗೆ 1913 ಎಂದು ಬರೆದಿರುತ್ತದೆ. ನಾಲ್ಕು ರೀಲುಗಳಲ್ಲಿ ಉಳಿದದ್ದು ಮೊದಲ ಮತ್ತು ಕೊನೆಯ ರೀಲು. ಉಳಿದಿರುವ ಆ ಭಾಗವೂ ಫಾಲ್ಕೆ ನಾಸಿಕ್‌ಗೆ ಬಂದ ಮೇಲೆ 1917ರಲ್ಲಿ ಮತ್ತೆ ತೆಗೆದ ಚಿತ್ರದ್ದು ಎಂದು ವೀರಚಂದ ಧರಮ್‌ಸೀ ಅವರಂಥ ಚಲನಚಿತ್ರ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ.

ನಾಲ್ಕು ವರ್ಷದಲ್ಲೇನಿದೆ ಎನ್ನಬೇಡಿ. ಈಗ ಚಿತ್ರಗಳ ಶಾಟ್‌ಗಳನ್ನು ಯಂತ್ರದಿಂದ ಎಣಿಸಿ, ಒಂದೊಂದು ಎಷ್ಟು ಸೆಕೆಂಡು ಎಂದು ಅಳೆದು, ಯಾವ ದೇಶದ ಸಿನಿಮಾ ಯಾವ ಇಸವಿಯಲ್ಲಿ ಯಾವ ಕೌಶಲ ಕಲಿತಿತು ಎಂದು ಹೇಳುವ ವಿದ್ಯೆಯೇ ಬೆಳೆದಿದೆ. ಆ ಲೆಕ್ಕದಲ್ಲಿ 1913 ಎಂದು ಹಾಕಿದರೆ ಭಾರತದ ಸಿನಿಮಾ ಹುಟ್ಟಿದ ದಿನವೇ ನಾಲ್ಕು ವರ್ಷದ ಅನುಭವ ಹೊತ್ತುಕೊಂಡು ಹುಟ್ಟಿದ ಹಾಗಾಗುತ್ತದೆ. ಇನ್ನೊಂದು ಸೂಕ್ಷ್ಮ: ಮೂಕಿ ಚಿತ್ರಗಳನ್ನು ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ ಸುಮಾರು 16 ಚೌಕಟ್ಟಿನಂತೆ ತೆಗೆಯುತ್ತಿದ್ದರು. ಅದನ್ನು ಈಗಿನ 24 ಅಥವಾ 25ರ ವೇಗದಲ್ಲಿ ಓಡಿಸಿ ಏರಿಸಿದರೆ ಹರಿಶ್ಚಂದ್ರ ತಾರಾಮತಿ ಇಬ್ಬರೂ ಅವಸರದಲ್ಲಿ ಕುಪ್ಪಳಿಸುತ್ತಾರೆ, ಸೆಕೆಂಡಿನ ಲೆಕ್ಕ ಪೂರ್ತಿ ಕೆಡುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಲ್ಲಿಯ ಪಿ.ಕೆ. ನಾಯರ್ ಅವರು ನಾಸಿಕ್‌ಗೆ ಹೋಗಿ ಫಾಲ್ಕೆ ಮನೆಯವರ ಹತ್ತಿರವಿದ್ದ ಫಿಲ್ಮಿನ ಚೂರುಗಳನ್ನು ತಂದು ಅವರ ಇನ್ನೊಂದು ಚಿತ್ರ 'ಕಾಳಿಯ ಮರ್ದನ'ವನ್ನು ಜೋಡಿಸದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಕನ್ನಡದ ಗತಿ ಇನ್ನೂ ಕಡೆ. ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಚಿತ್ರೀಕರಣವಾದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಚಿತ್ರಗಳ ಡಿಜಿಟಲ್ ಅಧ್ಯಯನ ಎಂದು ಯಾರಾದರೂ ಹೊರಟರೆ ಅದು ಶುರುವಾಗುವುದೇ ಇಲ್ಲದ ಚಿತ್ರದಿಂದ.

ಅಜಂತಾದ ಬಣ್ಣದ ಕಥೆಯೂ ಇದೇ ಜಾತಿಯದು. 1844ರಿಂದ ರಾಬರ್ಟ್ ಗಿಲ್ ವರ್ಷಗಟ್ಟಲೆ ಕೂತು ಮಾಡಿದ ಪ್ರತಿಗಳು 1866ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟುಹೋದವು. ಜಾನ್ ಗ್ರಿಫಿತ್ಸ್ ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳಿಂದ ಮಾಡಿಸಿದವುಗಳಲ್ಲಿ ಹಲವು 1885ರ ಇನ್ನೊಂದು ಬೆಂಕಿಗೆ ಹೋದವು. 1920ರ ದಶಕದಲ್ಲಿ ನಿಜಾಮ ಸರ್ಕಾರ ಕರೆಸಿದ ಇಟಲಿಯ ತಜ್ಞರು ಗೋಡೆಗೆ ವಾರ್ನಿಷ್ ಬಳಿದರು, ಅದು ಬರಬರುತ್ತ ಹಳದಿಗೆ ತಿರುಗಿತು. ಜಾಲದಲ್ಲಿ ಸಿಗುವ ಪದ್ಮಪಾಣಿಯ ಸಾವಿರಾರು ಫೋಟೊಗಳಿಂದ ಬಣ್ಣ ಹೆಕ್ಕಿ 'ವಾಕಾಟಕರ ಕಾಲದ ವರ್ಣಪ್ರಜ್ಞೆ' ಎಂದು ಬರೆಯುವವರು ಅರ್ಧಪಾಲು ಆ ವಾರ್ನಿಷನ್ನೇ ಅಳೆಯುತ್ತಿರುತ್ತಾರೆ. ಆ ಸಾವಿರಾರು ಫೋಟೊಗಳಲ್ಲೂ ಒಂದನೇ ಗುಹೆಯದೇ ಕಾರುಬಾರು. ಎಲ್ಲೋರಾದಲ್ಲೂ ಹಾಗೆಯೇ: 34 ಗುಹೆಗಳಿದ್ದರೂ ಎಲ್ಲರ ಮೊಬೈಲಿಗೂ ಕೈಲಾಸ ಒಂದೇ ಸಾಕು, ಕೊನೆಯ ಐದು ಜೈನ ಗುಹೆಗಳವರೆಗೆ ಹೋಗಲು ಟೂರ್ ಬಸ್ಸಿಗೆ ಪುರಸೊತ್ತಿಲ್ಲ.

ಇವೆಲ್ಲ ಒಂದು ರೀತಿಯಲ್ಲಿ ಪರವಾಗಿಲ್ಲ, ತಿದ್ದಬಹುದಾದವು. ಚೀಟಿ ಬದಲಿಸಿದರೆ ಸಾಕು. ಇನ್ನೊಂದು ಬಗೆಯ ಕೊರತೆಯಿದೆ. ಅಲ್ಲಿ ದಾಖಲೆ ಸರಿಯಾಗಿಯೇ ಇರುತ್ತದೆ, ದಾಖಲೆ ಬರೆದವನು ನಿಂತ ಜಾಗ ಮಾತ್ರ ಒಂದೇ ಕಡೆ.

1930ರ ಮಾರ್ಚ್ 2ರಂದು ನಾಸಿಕ್‌ನ ಕಾಳಾರಾಮ ದೇವಸ್ಥಾನದ ಮುಂದೆ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾಯಿತು. ಊರಿನಲ್ಲಿ ನಿಂತು ನಡೆಸಿದವರು ದಾದಾಸಾಹೇಬ್ ಗಾಯಕವಾಡ್. ಬಾಗಿಲು ಮುಚ್ಚಿದರು, ಸತ್ಯಾಗ್ರಹಿಗಳು ಕದಲಲಿಲ್ಲ. ರಾಮನವಮಿಯ ರಥದ ದಿನ ಕಲ್ಲು ತೂರಾಟವಾಯಿತು. ವರ್ಷಗಳ ಕಾಲ ಎಳೆದಾಡಿದ ಆ ಹೋರಾಟದ ಕೊನೆಗೆ, 1935ರ ಅಕ್ಟೋಬರ್ 13ರಂದು, ಇದೇ ಜಿಲ್ಲೆಯ ಯೇವಲಾದಲ್ಲಿ ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು.

ಈ ಸತ್ಯಾಗ್ರಹದ ಬಗ್ಗೆ ಹುಡುಕುವವರು ಮೊದಲು ತಲುಪುವುದು ಮಹಾರಾಷ್ಟ್ರ ಸರ್ಕಾರ 1982ರಲ್ಲಿ ತಂದ ಮೂಲಸಾಮಗ್ರಿ ಸಂಪುಟಕ್ಕೆ. ಬೆಲೆ ಕಟ್ಟಲಾಗದ ಪುಸ್ತಕ. ಅದರಲ್ಲಿರುವುದು ಏನು? ಬಹುಪಾಲು ಪೊಲೀಸರ ಗುಪ್ತ ವರದಿಗಳು ಮತ್ತು ಪತ್ರಿಕೆಗಳ ಸುದ್ದಿ. ಪೊಲೀಸನ ಕಣ್ಣಿಗೆ ಮೆರವಣಿಗೆ ಎಂದರೆ ತಲೆಯೆಣಿಕೆ, ಮುಂದಾಳುಗಳ ಹೆಸರು, ಶಾಂತಿಭಂಗದ ಅಂದಾಜು. ದಿನಗಟ್ಟಲೆ ಕೂತ ಜನರಿಗೆ ರೊಟ್ಟಿ ಸುಟ್ಟವರು ಯಾರು, ಹಳ್ಳಿಯಿಂದ ಬಂದ ಹೆಂಗಸರು ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬಂದರು, ರಾತ್ರಿ ಏನು ಹಾಡಿದರು, ಇದನ್ನೆಲ್ಲ ಬರೆದುಕೊಳ್ಳಲು ಪೊಲೀಸನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಪತ್ರಿಕೆಗಳಿಗೆ ಹತ್ತೇ ದಿನದಲ್ಲಿ ಬೇರೆ ದೊಡ್ಡ ಸುದ್ದಿ ಸಿಕ್ಕಿತು: ಮಾರ್ಚ್ 12ಕ್ಕೆ ಗಾಂಧೀಜಿ ದಂಡಿಗೆ ಹೊರಟರು. ಆ ಬೇಸಿಗೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹ ತೆರೆದು 'ಸತ್ಯಾಗ್ರಹ' ಎಂದು ಹುಡುಕಿದರೆ ಉಪ್ಪಿನದೇ ಭರಾಟೆ. 'ದಲಿತ' ಎಂದು ಹುಡುಕಿದರೆ ಅದೂ ಕೈಕೊಡುತ್ತದೆ, ಏಕೆಂದರೆ ಆ ಕಾಲದ ಇಂಗ್ಲಿಷ್ ಪತ್ರಿಕೆಗಳು ಬಳಸುತ್ತಿದ್ದ ಮಾತುಗಳೇ ಬೇರೆ.

ಬಿಟ್ಟುಹೋದವರನ್ನು ಮತ್ತೆ ಒಳಗೆ ಕರೆತಂದದ್ದು ಸ್ಕ್ಯಾನರ್ ಅಲ್ಲ, ಇಬ್ಬರು ಹೆಂಗಸರು. ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ ಅವರು ಅಂಬೇಡ್ಕರ್ ಚಳವಳಿಯಲ್ಲಿದ್ದ ಮಹಿಳೆಯರನ್ನು ಹುಡುಕಿ ಮಾತಾಡಿಸಿ 1989ರಲ್ಲಿ ಮರಾಠಿಯಲ್ಲಿ 'ಆಮ್ಹೀಹೀ ಇತಿಹಾಸ ಘಡವಲಾ' ಪ್ರಕಟಿಸಿದರು. ಅಷ್ಟರಲ್ಲಿ ಆ ಮಹಿಳೆಯರಲ್ಲಿ ಅನೇಕರು ಮುದುಕಿಯರಾಗಿದ್ದರು. ಸಂಭಾಜಿನಗರದಲ್ಲಿ ಅಂಬೇಡ್ಕರರೇ ಕಟ್ಟಿದ ಮಿಲಿಂದ ಕಾಲೇಜಿನಿಂದ ಬೆಳೆದುಬಂದ ಒಂದು ತಲೆಮಾರು, ಗಂಗಾಧರ ಪಾನತಾವಣೆ ಅಲ್ಲಿಂದ 1967ರಲ್ಲಿ ಶುರುಮಾಡಿದ 'ಅಸ್ಮಿತಾದರ್ಶ'ದಂಥ ಪತ್ರಿಕೆ, ಇವೆಲ್ಲ ದಲಿತ ಸಾಹಿತ್ಯಕ್ಕೆ ನೆಲ ಒದಗಿಸಿದವು. ಇಂಥ ಕಿರುಪತ್ರಿಕೆಗಳು ಸಂಚಿಕೆ ತಪ್ಪದೆ ಗ್ರಂಥಾಲಯ ಸೇರುವುದು ಅಪರೂಪ. ನಮ್ಮ ದಲಿತ ಪತ್ರಿಕೆ 'ಪಂಚಮ'ದ ಎಲ್ಲ ಸಂಚಿಕೆ ಒಂದೇ ಕಡೆ ನೋಡಬೇಕೆಂದು ಹೊರಟವರನ್ನು ಕೇಳಿ ನೋಡಿ.

ಮಹಾರಾಷ್ಟ್ರದ್ದೇ ಇನ್ನೊಂದು ಸಂಗ್ರಹವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅದು ಇಂಥ ಕೆಲಸಗಳಲ್ಲೇ ಅತ್ಯುತ್ತಮವಾದದ್ದು. ಗೀ ಪೊಯಿತೆವಾಂ ಮತ್ತು ಹೇಮಾ ರಾಯರ್ಕರ್ ಎಂಬಿಬ್ಬರು ಪುಣೆಯನ್ನು ನೆಲೆಮಾಡಿಕೊಂಡು 1980ರ ದಶಕದಿಂದ ಹಳ್ಳಿಯ ಹೆಂಗಸರ ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಹಾಕಿದರು. ಒಂದು ಲಕ್ಷಕ್ಕೂ ಮೇಲ್ಪಟ್ಟು ಹಾಡು, ಸಾವಿರಕ್ಕೂ ಹೆಚ್ಚು ಹಳ್ಳಿ, ಕರ್ನಾಟಕದ ಕೆಲವು ಹಳ್ಳಿಗಳೂ ಸೇರಿ. ಬರ್ನಾರ್ಡ್ ಬೆಲ್ ಎಂಬವರು 1990ರ ದಶಕದಲ್ಲಿ ಧ್ವನಿಮುದ್ರಣಕ್ಕೆ ಜೊತೆಯಾದರು. ಈಗ ಅದು ಪಿ. ಸಾಯಿನಾಥ್ ಕಟ್ಟಿದ 'ಪರಿ' ಜಾಲತಾಣದಲ್ಲಿದೆ, ಕೆಲವು ಭಾಗ ಕನ್ನಡದಲ್ಲೂ ಓದಲು ಸಿಗುತ್ತದೆ.

ಲಕ್ಷ ಹಾಡು ಎಂದ ಕೂಡಲೇ ಎಣಿಸುವ ಆಸೆ ಹುಟ್ಟುತ್ತದೆ. ಸೀತೆಯ ಮೇಲೆ ಎಷ್ಟು, ವಿಠೋಬನ ಮೇಲೆ ಎಷ್ಟು, ತವರಿನ ಮೇಲೆ ಎಷ್ಟು, ಭೀಮರಾಯನ ಮೇಲೆ ಎಷ್ಟು. ಯಾವ ಜಿಲ್ಲೆಯಲ್ಲಿ ಯಾವುದು ಹೆಚ್ಚು. ಆಸೆ ತಪ್ಪಲ್ಲ. ಆದರೆ ಹಾಡುಗಳ ದೊಡ್ಡ ರಾಶಿ ಬಂದದ್ದು ಪುಣೆ ಜಿಲ್ಲೆಯ ಮುಳಶಿ, ಮಾವಳ ತಾಲ್ಲೂಕುಗಳ ಗುಡ್ಡಗಾಡಿನಿಂದ. ಅಲ್ಲಿನ ಹೆಂಗಸರು ಬೇರೆಯವರಿಗಿಂತ ಹೆಚ್ಚು ಹಾಡುತ್ತಿದ್ದರು ಎಂದಲ್ಲ. ಪೊಯಿತೆವಾಂ ಅವರ ಬಳಗ ಬಡ ಗುಡ್ಡಗಾಡು ಜನರ ಸಂಘಟನೆ ಕಟ್ಟುತ್ತಿದ್ದದ್ದು ಅಲ್ಲಿ, ಅಲ್ಲಿಯ ಹೆಂಗಸರೇ ಕಾರ್ಯಕರ್ತೆಯರಾಗಿ ಅಕ್ಕಪಕ್ಕದ ಊರುಗಳಿಗೆ ಹೋಗಿ ಬರೆದುಕೊಂಡು ಬಂದರು. ಹಾಡುಗಳ ನಕ್ಷೆ ಎಂದು ನಾವು ನೋಡುವುದು ಆ ಕಾರ್ಯಕರ್ತೆಯರು ನಡೆದ ದಾರಿಗಳ ನಕ್ಷೆ. ವಿಷಯವಾರು ವಿಂಗಡಣೆಯೂ ಹಾಡಿದವರದಲ್ಲ, ವಿದ್ವಾಂಸರದು. ತವರನ್ನು ನೆನೆಯುತ್ತ ಸೀತೆಗೆ ಹೊರಳಿ ಅಣ್ಣನಲ್ಲಿ ನಿಲ್ಲುವ ಹಾಡನ್ನು ಯಾವ ಖಾನೆಗೆ ಹಾಕುವುದು ಎಂದು ಅವರು ತೀರ್ಮಾನಿಸಬೇಕಿತ್ತು, ತೀರ್ಮಾನಿಸಿದರು. ಧ್ವನಿಯ ಮಾತಂತೂ ಬೇರೆಯೇ: ಲಕ್ಷದಲ್ಲಿ ಆಡಿಯೊ ಇರುವುದು ಸಣ್ಣ ಪಾಲಿಗೆ, ಉಳಿದದ್ದು ಬರೆಹ. ಟೇಪು ಬರುವ ಹೊತ್ತಿಗೆ ಊರೂರಿಗೂ ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿತ್ತು. ಬೆಳಗಿನ ಜಾವ ಯಾರೂ ಕೇಳದಿರಲಿ ಎಂದೇ ಹಾಡುತ್ತಿದ್ದದ್ದನ್ನು ಹಗಲಲ್ಲಿ, ಮೈಕಿನ ಮುಂದೆ, ಪರಊರಿನವರು ಕೇಳುತ್ತಿರುವಾಗ ಹಾಡಬೇಕು. ಗಂಡನನ್ನು ಬೈಯುವ ಹಾಡು ಅಲ್ಲಿ ಎಷ್ಟು ಬಂತು, ಎಷ್ಟು ನಾಲಿಗೆ ತುದಿಯಲ್ಲೇ ನಿಂತಿತು?

ನಮ್ಮ ಕಡೆಯದೇ ಹೋಲಿಕೆ ಬೇಕೆಂದರೆ ಹಲಸಂಗಿ ಇದೆ. ವಿಜಯಪುರ ಜಿಲ್ಲೆಯ ಆ ಊರಿನ ಗೆಳೆಯರು ಕೂಡಿಸಿದ 'ಗರತಿಯ ಹಾಡು' 1931ರಲ್ಲಿ ಬಂತು. ಅದಿಲ್ಲದಿದ್ದರೆ ಕನ್ನಡದ ತ್ರಿಪದಿಯ ಸಂಪತ್ತು ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ಸಂಗ್ರಹಿಸಿದವರು ಗಂಡಸರು, ಪುಸ್ತಕಕ್ಕೆ ಇಟ್ಟ ಹೆಸರು ಗರತಿಯದು. ಗರತಿಯಲ್ಲದವಳ ಹಾಡಿಗೆ, ಗರತಿಯೇ ಗರತಿತನ ಮರೆತು ಹಾಡಿದ ಹಾಡಿಗೆ ಅಲ್ಲಿ ಜಾಗ ಸಿಕ್ಕಿರುವುದು ಅನುಮಾನ. ಅದನ್ನು ಸ್ಕ್ಯಾನ್ ಮಾಡಿ, ಪದಗಳನ್ನು ಎಣಿಸಿ, 'ಉತ್ತರ ಕರ್ನಾಟಕದ ಹೆಣ್ಣಿನ ಭಾವಲೋಕ' ಎಂದು ಶೀರ್ಷಿಕೆ ಕೊಡುವವರು ಆ ಗೆಳೆಯರ ಅಭಿರುಚಿಯನ್ನೂ ಜೊತೆಗೆ ಎಣಿಸಿರುತ್ತಾರೆ.

ಬೀಸುವ ಕಲ್ಲಿನ ಸಂಗ್ರಹದ ದೊಡ್ಡಗುಣ ಬೇರೊಂದು ಕಡೆ ಇದೆ. ಅಲ್ಲಿ ಹಾಡಿಗೆ ಹಾಡಿದವಳ ಹೆಸರಿದೆ, ಊರಿದೆ, ತಾಲ್ಲೂಕಿದೆ. ಹೀಗಾಗಿಯೇ ಮುಳಶಿ, ಮಾವಳ ಹೆಚ್ಚಾಯಿತು ಎಂದು ನಾವು ಕಂಡುಹಿಡಿಯಲು ಸಾಧ್ಯ. ತನ್ನ ಕುಂದನ್ನು ತಾನೇ ತೋರಿಸಿಕೊಡುವ ಸಂಗ್ರಹ ಅದು. ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಇಂಥ ವಿವರಗಳು ಸರಿಯಾಗಿ ದಾಖಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಆ ಯೋಜನೆಯಲ್ಲಿ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನಾದವು. ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೈಗೆ ಬಂದಂತೆ ಹೊಡೆದಿಟ್ಟರು. ಪುಸ್ತಕ ಇದೆ, ಹುಡುಕಿದರೆ ಇಲ್ಲ. ಕೊನೆಗೆ 'ಸಂಚಯ'ದ ಗೆಳೆಯರು ಸಾರ್ವಜನಿಕರನ್ನು ಸೇರಿಸಿಕೊಂಡು ಆ ಪಟ್ಟಿಯನ್ನು ಕನ್ನಡ ಲಿಪಿಗೆ ತಂದು 'ಪುಸ್ತಕ ಸಂಚಯ' ಮಾಡಿದ ಮೇಲೆ ಅವು ಕಣ್ಣಿಗೆ ಬಿದ್ದವು. ಸಂಬಳವಿಲ್ಲದ ಜನ ಸಂಜೆ ಹೊತ್ತು ಕೂತು ಮಾಡಿದ ಕೆಲಸ.

ಜಾನಪದ ವಿಶ್ವವಿದ್ಯಾಲಯ, ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಜಾನಪದ ವಿಭಾಗ, ರಾಮನಗರದ ಜಾನಪದ ಲೋಕದಂಥ ಕಡೆ ಇರುವ ಟೇಪು, ಹಸ್ತಪ್ರತಿಗಳನ್ನು ಡಿಜಿಟಲ್ ಮಾಡುವ ಮಾತು ಆಗಾಗ ಬರುತ್ತದೆ. ಮಾಡಲಿ. ಆಗ ಪ್ರತಿ ಹಾಡಿನ ಮುಂದೆ ನಾಲ್ಕು ಖಾನೆ ಹೆಚ್ಚಿಗೆ ಇರಲಿ: ಸಂಗ್ರಹಿಸಿದವರು ಯಾರು, ಯಾವ ತಿಂಗಳು ಹೋದರು, ಆ ಊರಲ್ಲಿ ಯಾರ ಮನೆಯಲ್ಲಿ ಇಳಿದುಕೊಂಡರು, ಯಾವ ಕೇರಿಗೆ ಹೋಗಲಿಲ್ಲ. ಮೊದಲ ಮೂರಕ್ಕೆ ಹಳೆ ಪ್ರವಾಸ ಭತ್ಯೆಯ ಬಿಲ್ಲುಗಳಲ್ಲೇ ಉತ್ತರ ಸಿಗಬಹುದು. ನಾಲ್ಕನೆಯದನ್ನು ಹೋದವರನ್ನೇ ಕೇಳಬೇಕು.